ರೀಡಿಂಗ್ ಫಡ್ಜ್ ಮಾಡೋದು ಅಂದ್ರೆ ಏನು?

ಫಡ್ಜ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಐಸ್‌ಕ್ರೀಂ ಮೇಲೆ ಬಿಸಿಬಿಸಿಯಾಗಿ ಸುರಿಯೋ ಚಾಕೊಲೇಟ್. ಆದ್ರೆ ಲ್ಯಾಬ್ ಒಳಗೆ ಅದೇ ಪದಕ್ಕೆ ಬೇರೆ ಅರ್ಥ: ಬರಬೇಕಾದ ಉತ್ತರ ಬರೋ ಹಾಗೆ ಅಂಕಿಗಳನ್ನ ತಿದ್ದೋದು. ಸಿಹಿಗೂ ಮೋಸಕ್ಕೂ ಒಂದೇ ಪದ ಯಾಕೆ?

ನಿಜಕ್ಕೂ ಸಿಹಿತಿಂಡಿಯೇ ಹೊಸದು. ಅದು 1880ರ ದಶಕದಲ್ಲಿ ಅಮೆರಿಕದಲ್ಲಿ ಹೆಸರಾಯ್ತು. ಅಲ್ಲಿನ ವಾಸ್ಸರ್ ಕಾಲೇಜಿನ ಒಬ್ಬ ವಿದ್ಯಾರ್ಥಿನಿ 1888ರಲ್ಲಿ ಕಾಲೇಜಿನ ಹರಾಜಿಗೆ 30 ಪೌಂಡ್ ಫಡ್ಜ್ ಮಾಡಿದ್ದಾಗಿ ಪತ್ರದಲ್ಲಿ ಬರೆದಿದ್ದಾರೆ. ಕ್ರಿಯಾಪದ ಇದಕ್ಕಿಂತ ತುಂಬಾ ಹಳೆಯದು. 16ನೇ ಶತಮಾನದ 'ಫ್ಯಾಜ್' ಎಂಬ ಪದದಿಂದ ಬಂದಿರಬಹುದು ಅಂತಾರೆ. ಅದರ ಅರ್ಥ ಹೊಂದುವುದು, ಹೊಂದಿಸುವುದು, ಅಷ್ಟೇ. ಆಮೇಲೆ ನಾವಿಕರು ಲಾಗ್‌ಬುಕ್‌ನಲ್ಲಿ ಸುಳ್ಳು ಲೆಕ್ಕ ಬರೆಯೋದಕ್ಕೂ ಇದೇ ಪದ ಅಂಟಿಕೊಂಡಿತು. ಮಾಲೀಕರಿಗೆ ಸದಾ ಸುಳ್ಳಿನ ಸರಕನ್ನೇ ತರುತ್ತಿದ್ದ ಕ್ಯಾಪ್ಟನ್ ಫಡ್ಜ್ ಎಂಬುವನ ಕತೆಯೂ ಇದೆ. ಪದ ಅವನಿಂದಲೇ ಬಂತು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ.

ನಮ್ಮ 'ತಿದ್ದು' ಕೂಡ ಹೀಗೇ ಅಲ್ವಾ? ಅಕ್ಷರ ತಿದ್ದುತ್ತೇವೆ, ತಪ್ಪು ತಿದ್ದುತ್ತೇವೆ, ಲೆಕ್ಕವನ್ನೂ ತಿದ್ದುತ್ತೇವೆ. ಹಾಗಾದ್ರೆ ಒಳ್ಳೆಯ ತಿದ್ದುವಿಕೆ ಯಾವುದು, ಕೆಟ್ಟದ್ದು ಯಾವುದು? ಎಲ್ಲರಿಗೂ ಕಾಣುವ ಹಾಗೆ ಮಾಡಿದ್ದೋ, ಮುಚ್ಚಿಟ್ಟು ಮಾಡಿದ್ದೋ ಅನ್ನೋದರಲ್ಲೇ ವ್ಯತ್ಯಾಸ ಇದೆ ಅಂತ ನಮ್ಮ ಅಭಿಪ್ರಾಯ.

1917ರಲ್ಲಿ ಐನ್‌ಸ್ಟೈನ್, ವಿಶ್ವ ಸ್ಥಿರವಾಗಿ ನಿಲ್ಲಲಿ ಅಂತ ತಮ್ಮ ಸಮೀಕರಣಕ್ಕೆ ಒಂದು ಸ್ಥಿರಾಂಕ ಸೇರಿಸಿದರು. 'ಫಡ್ಜ್ ಫ್ಯಾಕ್ಟರ್' ಅಂದ್ರೆ ಈಗಲೂ ಎಲ್ಲರೂ ಕೊಡೋ ಉದಾಹರಣೆ ಅದೇ. ವಿಶ್ವ ಹಿಗ್ಗುತ್ತಿದೆ ಅಂತ 1929ರಲ್ಲಿ ಹಬಲ್ ತೋರಿಸಿದ ಮೇಲೆ ಅದನ್ನು ಕೈಬಿಟ್ಟರು. 1998ರಲ್ಲಿ ಹಿಗ್ಗುವ ವೇಗವೇ ಹೆಚ್ಚುತ್ತಿದೆ ಅಂತ ಗೊತ್ತಾದಾಗ ಅದು ಮತ್ತೆ ಬೇಕಾಯ್ತು. ಸಮೀಕರಣದಲ್ಲಿ ಬಹಿರಂಗವಾಗಿ ಇದ್ದದ್ದರಿಂದಲೇ ಜನ ಅದನ್ನು ಪ್ರಶ್ನಿಸಲೂ ಆಯ್ತು, ಮರಳಿ ತರಲೂ ಆಯ್ತು.

ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಆಗೋದು ಇದರ ಉಲ್ಟಾ. ಮೈಲ್ಡ್ ಸ್ಟೀಲ್‌ನ ಯಂಗ್ಸ್ ಮಾಡ್ಯುಲಸ್ ಸುಮಾರು 200 ಗಿಗಾಪಾಸ್ಕಲ್. ಟೆನ್ಷನ್ ಟೆಸ್ಟ್‌ನಲ್ಲಿ ತುಂಬಾ ಕಡಿಮೆ ಬಂತು ಅನ್ನಿ. ಎಕ್ಸ್‌ಟೆನ್ಸೋಮೀಟರ್ ಹಾಕದೆ ಕ್ರಾಸ್‌ಹೆಡ್ ಸರಿದದ್ದನ್ನೇ ಅಳೆದಿದ್ದರೆ, ಗ್ರಿಪ್‌ನಲ್ಲಿ ರಾಡ್ ಜಾರಿದ್ದೂ ರಾಡ್ ಉದ್ದವಾದ ಲೆಕ್ಕಕ್ಕೇ ಸೇರಿಬಿಡುತ್ತೆ. ಆ ಪ್ರಯೋಗದ ನಿಜವಾದ ಪಾಠ ಇದು. ಸದ್ದಿಲ್ಲದೆ 200 ಬರೆದರೆ ಮಾರ್ಕ್ಸ್ ಬರುತ್ತೆ, ಪಾಠ ಹೋಗುತ್ತೆ.

ತಪ್ಪು ವಿದ್ಯಾರ್ಥಿಗಳದ್ದು ಮಾತ್ರ ಅಲ್ಲ. 'ಸರಿ' ಉತ್ತರಕ್ಕೆ ಮಾತ್ರ ಮಾರ್ಕ್ಸ್ ಅಂದ್ರೆ ಎಲ್ಲರೂ ಸರಿ ಉತ್ತರವನ್ನೇ ತರ್ತಾರೆ. ಅದಕ್ಕೇ ನಾವು ಕೇಳೋದು ಇಷ್ಟೇ: ಪ್ರತಿ ಪ್ರಯೋಗದ ಕೊನೆಗೆ 'ಉತ್ತರ ಯಾಕೆ ಹೀಗೆ ಬಂತು' ಅಂತ ಅರ್ಧ ಪುಟ ಇರಲಿ, ಅದಕ್ಕೆ ಮಾರ್ಕ್ಸ್ ಇರಲಿ. ನಾಳೆ ನಾವೇ ಸೇತುವೆಯ ಟೆಸ್ಟ್ ರಿಪೋರ್ಟ್‌ಗೆ ಸಹಿ ಹಾಕೋರು. ಬಂದ ಅಂಕಿಯನ್ನ ಬಂದ ಹಾಗೇ ಬರೆಯೋ ಅಭ್ಯಾಸ ಈಗಲೇ ಆಗಬೇಕು.