ಪಟ್ಟಾ ಬದಲಿಸಿದರೆ ಸಾಲದು, ಅಲೈನ್‌ಮೆಂಟ್ ಮಾಡಿಸಿ



ಶಿರಾಡಿ ಘಾಟಿಯಂಥ ರಸ್ತೆಗಳಲ್ಲಿ ಭಾರ ಹೊತ್ತು ಓಡಾಡುವ ಲಾರಿಗಳ ಸ್ಪ್ರಿಂಗ್ ಪಟ್ಟಾ ಮುರಿಯುವುದು, ಕಿಂಗ್‌ಪಿನ್, ಬುಷ್‌ಗಳು ಸವೆಯುವುದು ಮಾಮೂಲು. ಹೆದ್ದಾರಿ ಬದಿಯ ಬಹುತೇಕ ಗ್ಯಾರೇಜುಗಳಲ್ಲಿ ಅವನ್ನು ಬದಲಿಸಿ, ಗ್ರೀಸ್ ಹೊಡೆದು, ಅಂದೇ ಲೋಡಿಗೆ ಕಳುಹಿಸುತ್ತಾರೆ. ಚಕ್ರಗಳ ಅಲೈನ್‌ಮೆಂಟ್ ನೋಡುವ ಗೋಜಿಗೆ ಹೋಗುವವರು ಕಡಿಮೆ. ಕೇಳಿದರೆ, 'ಸ್ಟೇರಿಂಗ್ ಎಳೆದರೆ ಆಮೇಲೆ ನೋಡೋಣ' ಎಂಬ ಸಿದ್ಧ ಉತ್ತರ.

ಹೊಸ ಪಟ್ಟಾ ಹಾಕಿದಾಗ ಆಕ್ಸಲ್ ಕೂರುವ ಜಾಗ ತುಸು ಸರಿಯಬಹುದು. ಟೈರಾಡ್ ತುದಿ ಬದಲಿಸಿದರೆ ಟೋ-ಇನ್ (ಮುಂದಿನ ಚಕ್ರಗಳು ಒಳಕ್ಕೆ ತಿರುಗಿರುವ) ಅಳತೆ ತಪ್ಪುತ್ತದೆ. ಕೆಲವೇ ಮಿಲಿಮೀಟರ್ ವ್ಯತ್ಯಾಸವಾದರೂ ಟೈರು ರಸ್ತೆಗೆ ಉಜ್ಜಿಕೊಂಡೇ ಉರುಳುತ್ತದೆ. ಅಂಥ ಟೈರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತರಚುತ್ತದೆ. ಹಿಂದಿನ ಆಕ್ಸಲ್ ಓರೆಯಾದರಂತೂ ಲಾರಿ ಸೊಟ್ಟಗೆ ಓಡುತ್ತದೆ. ಮುಂದಿನ ಚಕ್ರ ಮಾತ್ರ ಸರಿಪಡಿಸಿ ಪ್ರಯೋಜನವಿಲ್ಲ. ಟೈರು, ಡೀಸೆಲ್ ನಷ್ಟ ಮಾಲೀಕನಿಗೆ. ಮಳೆಗಾಲದ ತಿರುವಿನಲ್ಲಿ ಅಪಾಯ ಎಲ್ಲರಿಗೂ.

ಸರಕು ವಾಹನಗಳಿಗೆ ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ ಇದೆ. ನಡುವೆ ಆಗುವ ರಿಪೇರಿಗಳನ್ನು ಕೇಳುವವರಿಲ್ಲ. ಸಸ್ಪೆನ್ಷನ್ ಕೆಲಸವಾದ ಮೇಲೆ ಅಲೈನ್‌ಮೆಂಟ್ ವರದಿ ಪಡೆಯುವುದನ್ನು ಸಾರಿಗೆ ಇಲಾಖೆ ಕಡ್ಡಾಯಗೊಳಿಸಬೇಕು. ಭಾರಿ ವಾಹನಗಳ ಅಲೈನ್‌ಮೆಂಟ್ ಯಂತ್ರ ಸಣ್ಣ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ಹೆದ್ದಾರಿ ಬದಿಯ ಟ್ರಕ್ ಟರ್ಮಿನಲ್‌ಗಳಲ್ಲಿ ನ್ಯಾಯವಾದ ದರಕ್ಕೆ ಈ ಸೌಲಭ್ಯ ಒದಗಿಸಲಿ. ಅಲ್ಲಿಯವರೆಗೆ ಲಾರಿ ಮಾಲೀಕರು ರಿಪೇರಿ ಖರ್ಚಿನಲ್ಲೇ ಅಲೈನ್‌ಮೆಂಟನ್ನೂ ಸೇರಿಸಿಕೊಳ್ಳುವುದು ಒಳಿತು.

– ಲಾರಿ ಮಾಲೀಕ, ಸಕಲೇಶಪುರ