ಗ್ಲಾಸು ಇಳಿಸಲೋ, ಏರಿಸಲೋ?

ಇವರಿಗೆ,
ಬೆಂಗಳೂರು–ಮಂಗಳೂರು ಹೆದ್ದಾರಿಯ ಹೊಣೆ ಹೊತ್ತ ಎಲ್ಲ ಮಾನ್ಯರಿಗೆ

ವಿಷಯ: ಶಿರಾಡಿ ಘಾಟಿಯಲ್ಲಿ ದಮ್ಮಿನ ರೋಗಿಗಳು ಪಡುವ ಪಾಡು

ಮಾನ್ಯರೇ,

ನನ್ನ ಅಮ್ಮನಿಗೆ 72 ವರ್ಷ. ಡಾಕ್ಟರ ಚೀಟಿಯಲ್ಲಿ ಅವಳ ಕಾಯಿಲೆಗೆ ಸಿಒಪಿಡಿ ಎಂದು ಬರೆದಿದೆ; ಮನೆಯಲ್ಲಿ ನಾವು ದಮ್ಮು ಎನ್ನುತ್ತೇವೆ. ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಪುತ್ತೂರಿನ ಹತ್ತಿರದ ತೋಟದ ಮನೆಯಲ್ಲಿ ನಲವತ್ತು ವರ್ಷ ಒಲೆಯ ಮುಂದೆ ಕೂತವಳು. ಅಡುಗೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ತುರುಕಿ ಊದುವ ಕೆಲಸ ಅವಳದೇ ಆಗಿತ್ತು. ಆ ಹೊಗೆ ಈಗ ಲೆಕ್ಕ ಕೇಳುತ್ತಿದೆ.

ವರ್ಷಕ್ಕೆ ಎರಡು ಸಲ ಅವಳ ವಾಸ ಬದಲಾಗುತ್ತದೆ. ಮಳೆಗಾಲದಲ್ಲಿ ಊರಮನೆಯ ಗೋಡೆ, ಹಾಸಿಗೆ, ಮರದ ಪೆಟ್ಟಿಗೆಗಳಿಗೆಲ್ಲ ಬೂಷ್ಟು ಹಿಡಿಯುತ್ತದೆ, ಅದು ಅವಳಿಗೆ ಆಗದು. ಮೇ ಕೊನೆಗೆ ಬೆಂಗಳೂರಿಗೆ ಕರೆತರುತ್ತೇನೆ. ಡಿಸೆಂಬರ್ ಹತ್ತಿರವಾದಂತೆ ಇಲ್ಲಿನ ಚಳಿ, ದೂಳು ಆಗದು, ಮತ್ತೆ ಊರಿಗೆ. ನಡುವೆ ಮದುವೆ, ಮುಂಜಿ, ಬೊಜ್ಜ ಅಂತ ಇನ್ನೊಂದೆರಡು ಓಡಾಟ. ರೈಲಿದೆಯಲ್ಲ ಎನ್ನುವವರಿಗೆ ಹೇಳುತ್ತೇನೆ: ಸೀಟು ಸಿಕ್ಕಿದಾಗ ಅದರಲ್ಲೇ ಹೋಗುತ್ತೇವೆ. ಬಸ್ಸು ನಮಗೆ ಬೇಕಾದಲ್ಲಿ ನಿಲ್ಲುವುದಿಲ್ಲ. ಹೀಗಾಗಿ ವರ್ಷಕ್ಕೆ ಐದಾರು ಸಲ ಸಕಲೇಶಪುರಕ್ಕೂ ಗುಂಡ್ಯಕ್ಕೂ ನಡುವೆ, ಕಾರಿನೊಳಗೆ, ನಾವು ನಿಮ್ಮ ಕೈಯಲ್ಲಿರುತ್ತೇವೆ.

ದೂರುವ ಮೊದಲು ನಮ್ಮ ಪಾಲಿನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಾರಿನ ಎಸಿ ಫಿಲ್ಟರನ್ನು ಹೊರಡುವ ಹಿಂದಿನ ದಿನ ಬಿಚ್ಚಿ ನೋಡುತ್ತೇನೆ; ಮೊದಲ ಸಲ ಬಿಚ್ಚಿದಾಗ ಅದರಲ್ಲಿ ಒಣಗಿದ ಎಲೆ, ಕೂದಲು, ಒಂದು ಹಿಡಿ ಮಣ್ಣು ಇತ್ತು. ಕನ್ನಡಿಗೆ ನೇತುಹಾಕಿದ್ದ ಸೆಂಟಿನ ಬಾಟಲಿ ಹೋಗಿ ಎಷ್ಟೋ ಕಾಲವಾಯಿತು. ಡ್ಯಾಶ್‌ಬೋರ್ಡಿನ ಗಣಪತಿಗೂ ಊದುಬತ್ತಿ ನಿಂತಿದೆ. ಇನ್‌ಹೇಲರ್ ಮತ್ತು ಅದಕ್ಕೆ ಸಿಕ್ಕಿಸುವ ಸ್ಪೇಸರ್ ಅವಳ ಮಡಿಲ ಚೀಲದಲ್ಲೇ ಇರುತ್ತವೆ. ಒತ್ತಡ ತುಂಬಿದ ಡಬ್ಬಿಯನ್ನು ಬಿಸಿಲಿಗೆ ಕಾದ ಕಾರಿನಲ್ಲಿ ಬಿಟ್ಟುಹೋಗುವಂತಿಲ್ಲ. ದಾರಿಯಲ್ಲಿ ಎರಡು ಇಡ್ಲಿ, ಅಷ್ಟೇ. ಹೊಟ್ಟೆ ಬಿರಿಯೆ ತಿಂದರೆ ಅದು ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶ ಹಿಗ್ಗಲು ಜಾಗವಿರುವುದಿಲ್ಲ. ಎರಡು ಗಂಟೆಗೊಮ್ಮೆಯಾದರೂ ಇಳಿಸಿ ಹತ್ತು ಹೆಜ್ಜೆ ನಡೆಸಬೇಕು. ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಇನ್‌ಹೇಲರಿಗೆ ಬಗ್ಗುವ ದಮ್ಮಲ್ಲ ಅದು.

ಎಲ್ಲಕ್ಕಿಂತ ಕೈಹಿಡಿದದ್ದು ಉಸಿರು ಬಿಡುವ ಒಂದು ಕ್ರಮ. ಮೂಗಿನಲ್ಲಿ ಎಳೆದು, ತುಟಿ ಕೂಡಿಸಿ, ದೀಪ ಆರದೆ ಅಲುಗುವಷ್ಟು ಮೆಲ್ಲಗೆ ಬಿಡಬೇಕು. ಒಳಗೆ ಸಿಕ್ಕಿಬಿದ್ದ ಹಳೆ ಗಾಳಿ ಹೊರಬಿದ್ದರೆ ತಾನೇ ಹೊಸದಕ್ಕೆ ಜಾಗ? ಫಿಸಿಯೋಥೆರಪಿಯ ಹುಡುಗಿ ಇದನ್ನು ಹೇಳಿಕೊಟ್ಟ ದಿನ ಅಮ್ಮ ನಕ್ಕಿದ್ದಳು. “ಇದು ಒಲೆ ಊದುದೇ ಅಲ್ವಾ ಮಾರಾಯ? ಬೇಕಾದ್ರೆ ಇವರಿಗೆ ನಾನೇ ಕಲಿಸ್ತೇನೆ.”

ಇಷ್ಟೆಲ್ಲ ಕಲಿತವರನ್ನೂ ಸೋಲಿಸುವ ಜಾಗ ನಿಮ್ಮ ಘಾಟಿ.

ಕಳೆದ ಮೇ ಕೊನೆಯಲ್ಲಿ ಊರಿನಿಂದ ಹತ್ತಿ ಬರುತ್ತಿದ್ದೆವು. ತಿರುವಿನಲ್ಲೆಲ್ಲೋ ಒಂದು ಲಾರಿ ಕೆಟ್ಟು ನಿಂತಿತ್ತಂತೆ, ಸಾಲು ನಿಂತುಬಿಟ್ಟಿತು. ಮುಂದೆ ಎಂ-ಸ್ಯಾಂಡ್ ತುಂಬಿದ ಟಿಪ್ಪರ್, ಮೇಲೆ ಟಾರ್ಪಾಲಿಲ್ಲ. ಹಿಂದೆ ಬುಲೆಟ್ ಟ್ಯಾಂಕರ್. ಎಡಕ್ಕೆ ಅಗಲೀಕರಣಕ್ಕೆಂದು ಕಡಿದ ಕೆಂಪು ಗುಡ್ಡ, ಬಲಕ್ಕೆ ಎದುರಿನ ಸಾಲು. ಎಂಜಿನ್ ಆರಿಸುವವರು ಯಾರೂ ಇಲ್ಲ. ಗ್ಲಾಸು ಇಳಿಸಿದರೆ ದೂಳು, ಡೀಸೆಲ್ ಹೊಗೆ. ಏರಿಸಿದರೆ ಅಮ್ಮನಿಗೆ ಗಂಟಲು ಹಿಸುಕಿದ ಹಾಗೆ. ಎಸಿಯನ್ನು ಒಳಗಾಳಿಗೆ ಹಾಕಿದೆ, ಹೊಗೆ ನಿಂತಿತು. ಆದರೆ ಮುಚ್ಚಿದ ಕಾರಿನಲ್ಲಿ ನಾಲ್ಕು ಜನ ಬಿಟ್ಟ ಉಸಿರನ್ನೇ ಮತ್ತೆ ಎಳೆಯುತ್ತ ಎಷ್ಟು ಹೊತ್ತು ಕೂರಲಾದೀತು? ಆಗಾಗ ಹೊರಗಾಳಿ ಬಿಡಲೇಬೇಕು, ಬಿಟ್ಟಾಗಲೆಲ್ಲ ಟಿಪ್ಪರಿನ ಮರಳು ಒಳಗೆ.

“ಒಂಚೂರು ಇಳಿಸು ಮಗಾ” ಎಂದಳು. ಇಳಿಸಿದೆ. ಕೆಮ್ಮಿದಳು. “ಏರಿಸು” ಎಂದು ಕೈಸನ್ನೆ ಮಾಡಿದಳು. ಮಾತು ಅಷ್ಟರಲ್ಲಿ ನಿಂತಿತ್ತು.

ಅವಳು ಮುಂದೆ ಬಾಗಿ ಎರಡೂ ಕೈಗಳನ್ನು ನನ್ನ ಸೀಟಿನ ಬೆನ್ನಿಗೆ ಊರಿದಳು. ದಮ್ಮಿನವರು ಒರಗುವುದಿಲ್ಲ, ಬಾಗುತ್ತಾರೆ. ಕೈಗೆ ಆಸರೆ ಸಿಕ್ಕರೆ ಹೆಗಲು, ಕತ್ತಿನ ಸ್ನಾಯುಗಳೂ ಉಸಿರೆಳೆಯಲು ನೆರವಾಗುತ್ತವೆ. ಆ ಊರಿದ ಬೆರಳುಗಳ ನಡುಕ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 93 ತೋರಿಸುತ್ತಿದ್ದದ್ದು 89ಕ್ಕೆ ಬಂತು, ಆಮೇಲೆ 86. ಅವಳಿಗೆ 88ರಿಂದ 92ರ ನಡುವೆ ಇರಲಿ ಎಂದು ಡಾಕ್ಟರು ಹೇಳಿದ್ದಾರೆ. ಸ್ಪೇಸರಿನಲ್ಲಿ ಎರಡು ಪಫ್ ಕೊಟ್ಟೆವು. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. 108 ಕೂಡ ಅದೇ ಸಿಗ್ನಲಿನಲ್ಲೇ ಬರಬೇಕಲ್ಲ? ಹಿಂದಿರುಗಲು ಜಾಗವಿಲ್ಲ, ಪಕ್ಕಕ್ಕೆ ಹಾಕಲು ಜಾಗವಿಲ್ಲ. ಒಂದು ಗಂಟೆ ಐವತ್ತು ನಿಮಿಷ. ಅಮ್ಮ ಅಷ್ಟು ಹೊತ್ತೂ ತುಟಿ ಕೂಡಿಸಿ ಕಾಣದ ಒಲೆಯೊಂದನ್ನು ಊದುತ್ತಿದ್ದಳು.

ಸಾಲು ಕರಗಿ, ಘಾಟಿ ಹತ್ತಿ ಬಹಳ ದೂರ ಬಂದ ಮೇಲೆ ಒಂದು ಟೋಲ್ ಗೇಟು ಸಿಕ್ಕಿತು. ಯಾವುದೆಂದು ಹೇಳುವುದಿಲ್ಲ, ಒಬ್ಬ ಹುಡುಗನ ಕೆಲಸ ಹೋದರೆ ಇಡೀ ಹೆದ್ದಾರಿ ಸರಿಯಾಗುವುದಿಲ್ಲ. ಪಕ್ಕದಲ್ಲೇ ಆ್ಯಂಬುಲೆನ್ಸ್ ನಿಂತಿತ್ತು. ಐದು ನಿಮಿಷ ಆಕ್ಸಿಜನ್ ಕೊಡಿ ಎಂದೆ. ಹುಡುಗ ಓಡಿ ಬಂದ, ಬಾಗಿಲು ತೆರೆದ, ಸಿಲಿಂಡರ್ ಇತ್ತು. ಅದನ್ನು ತಿರುಗಿಸುವ ಕೀ ಇರಲಿಲ್ಲ. “ಇನ್ನೊಂದು ಶಿಫ್ಟಿನವರ ಹತ್ರ ಉಂಟು ಸಾರ್” ಎಂದ. ಫಾಸ್ಟ್ಯಾಗಿನಿಂದ ಮಾತ್ರ ದುಡ್ಡು ಆಗಲೇ ಕಡಿತವಾಗಿತ್ತು.

ಘಾಟಿಯ ಕಷ್ಟ ನಿಮಗೂ ಇದೆ ಎಂದು ಬಲ್ಲೆ. 2015ರಲ್ಲಿ, ಮತ್ತೆ 2018ರಲ್ಲಿ ಕಾಂಕ್ರೀಟ್ ಹಾಕಲು ತಿಂಗಳುಗಟ್ಟಲೆ ದಾರಿ ಮುಚ್ಚಿದಾಗ ನಾವು ಚಾರ್ಮಾಡಿ, ಸಂಪಾಜೆ ಸುತ್ತಿ ಓಡಾಡಿದವರು, ಗೊಣಗಲಿಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದಾಗ ಮಳೆಯನ್ನು ಯಾರು ತಡೆಯಲಾದೀತು? ಆದರೆ ಟಾರ್ಪಾಲು ಮುಚ್ಚುವುದಕ್ಕೆ ಮಳೆಯ ಅಡ್ಡಿಯಿಲ್ಲ. ಕಾಮಗಾರಿಯ ಸಾಮಗ್ರಿಯನ್ನು ತೆರೆದ ವಾಹನದಲ್ಲಿ ಸಾಗಿಸಬಾರದು, ದೂಳೇಳದಂತೆ ನೀರು ಚಿಮುಕಿಸಬೇಕು ಎಂದು ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲೇ ಅಧಿಸೂಚನೆ ಹೊರಡಿಸಿದೆ. ಹೊಗೆಯುಗುಳುವ ವಾಹನಕ್ಕೆ 10,000 ರೂಪಾಯಿವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹೊಸ ಕಾನೂನು ನಾನು ಕೇಳುತ್ತಿಲ್ಲ. ನನ್ನ ಬೇಡಿಕೆ ನಾಲ್ಕೇ.

ಒಂದು, ಘಾಟಿಯ ಎರಡೂ ತುದಿಯಲ್ಲಿ, ಸಕಲೇಶಪುರದಲ್ಲೂ ಗುಂಡ್ಯದಲ್ಲೂ, “ಮುಂದೆ ಇಷ್ಟು ಗಂಟೆ ತಡೆ” ಎಂದು ಆಗಿಂದಾಗ್ಗೆ ತಿಳಿಸುವ ಬೋರ್ಡು. ಗೊತ್ತಾದರೆ ಅಮ್ಮನನ್ನು ಹೋಟೆಲಿನಲ್ಲೋ ಮರದಡಿಯಲ್ಲೋ ಕೂರಿಸಿ ಕಾಯುತ್ತೇನೆ. ನಮ್ಮಂಥವರಿಗೆ ತಡೆ ಕಷ್ಟವಲ್ಲ, ತಡೆಯ ಒಳಗೆ ಸಿಕ್ಕಿಬೀಳುವುದು ಕಷ್ಟ.

ಎರಡು, ಅಗಲೀಕರಣದ ಜಾಗದಲ್ಲಿ ದಿನಕ್ಕೊಮ್ಮೆ ಶಾಸ್ತ್ರಕ್ಕೆ ನೀರು ಹಾಕಿದರೆ ಸಾಲದು. ಮಧ್ಯಾಹ್ನದ ಬಿಸಿಲಿಗೆ ಅದು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಒಣಗಿದಾಗಲೆಲ್ಲ ಟ್ಯಾಂಕರ್ ಬರಲಿ, ಮುಚ್ಚದ ಟಿಪ್ಪರ್ ಘಾಟಿ ಹತ್ತದಿರಲಿ.

ಮೂರು, ಆ್ಯಂಬುಲೆನ್ಸಿನ ಆಕ್ಸಿಜನ್ನನ್ನು ದಿನಾ ತೆರೆದು ನೋಡಿ ಸಹಿ ಹಾಕುವ ಪುಸ್ತಕ, ಸರಪಳಿಯಲ್ಲಿ ಸಿಲಿಂಡರಿಗೇ ಕಟ್ಟಿದ ಕೀ, ಮತ್ತು ಎಷ್ಟು ಬಿಡಬೇಕೆಂದು ಬಲ್ಲ ಒಬ್ಬ ಮನುಷ್ಯ. ಸಿಒಪಿಡಿಯವರಿಗೆ ನೂರು ಮುಟ್ಟಿಸುತ್ತೇನೆಂದು ಜೋರಾಗಿ ಬಿಟ್ಟರೆ ಅದೂ ಅಪಾಯ. ಸಿಗ್ನಲ್ ಇಲ್ಲದ ಕಡೆ ರಸ್ತೆ ಬದಿಯಲ್ಲಿ ತುರ್ತು ಫೋನ್ ಪೆಟ್ಟಿಗೆಗಳಿರಲಿ.

ನಾಲ್ಕು, ನಿಲ್ಲಲು ಜಾಗ. ಎಂಟು ಹತ್ತು ಕಿಲೋಮೀಟರಿಗೊಂದು ಅಗಲವಾದ ತಂಗುಜಾಗ, ನೆರಳು, ಬಾಗಿಲಿಗೆ ಚಿಲಕವಿರುವ ಕಕ್ಕಸು. ಉಸಿರಿಗೂ ಕಕ್ಕಸಿಗೂ ಏನು ಸಂಬಂಧ ಎನ್ನಬೇಡಿ. ದಾರಿಯಲ್ಲಿ ಹೋಗಲು ಜಾಗವಿಲ್ಲವೆಂದು ಅಮ್ಮ ಹೊರಡುವ ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ನೀರು ಕಡಿಮೆಯಾದರೆ ಕಫ ಗಟ್ಟಿಯಾಗುತ್ತದೆ, ಗಟ್ಟಿ ಕಫ ಎಷ್ಟು ಕೆಮ್ಮಿದರೂ ಕೀಳುವುದಿಲ್ಲ. ಅವಳ ದಮ್ಮು ಅರ್ಧ ಶುರುವಾಗುವುದು ಅಲ್ಲಿಂದ.

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಕಾನೂನಿನ ಭಾಗಕ್ಕೆ ಬಂದಾಗ ಆಕಳಿಸಿದಳು. ತಂಗುಜಾಗದ ಸುದ್ದಿ ಬಂದಾಗ ಎಚ್ಚರವಾಗಿ ಒಂದು ತಿದ್ದುಪಡಿ ಹೇಳಿದಳು, ಅದನ್ನು ಹಾಗೆಯೇ ಸೇರಿಸುತ್ತಿದ್ದೇನೆ. ಅಲ್ಲಿ ಬೆಂಚು ಹಾಕುವುದಾದರೆ ಬೆನ್ನಿಗೆ ಒರಗು ಇಲ್ಲದಿದ್ದರೂ ನಡೆಯುತ್ತದಂತೆ. ಮುಂದುಗಡೆ, ಬಾಗಿದರೆ ಕೈಗೆ ಸಿಗುವ ಹಾಗೆ, ಒಂದು ಕಬ್ಬಿಣದ ಕಂಬಿ ಇರಲಿ ಎಂದಳು. ನವೆಂಬರ್ ಕೊನೆಗೆ ನಾವು ಮತ್ತೆ ಘಾಟಿ ಇಳಿಯುತ್ತೇವೆ.

ಇಂತಿ,
ನಿಮ್ಮ ದಾರಿಯ ಒಬ್ಬ ಪ್ರಯಾಣಿಕ