ಅತಿಥಿಗೆ ಉಪಚಾರ, ಕೆಲಸದವನಿಗೆ ಮೌನವೇ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ನಮ್ಮ ಬೆಳೆಗಾರ ಬಂಧುಗಳು ಅನೇಕರು ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಿರುವುದು ಸರಿಯಷ್ಟೆ. ಅಲ್ಲಿ ಅಡಿಗೆ ಮಾಡುವ, ಕೋಣೆ ಗುಡಿಸುವ ಕೆಲಸಗಾರರ ಬಗ್ಗೆ ಒಂದು ಮಾತು ಹೇಳಬೇಕಾಗಿದೆ.

ಬೈದರೆ ನಾಲ್ಕು ಜನಕ್ಕೆ ಕೇಳುತ್ತದೆ, ಕಡೆಗಣಿಸಿದರೆ ಕೇಳುವುದಿಲ್ಲ. ಅಸ್ಸಾಮಿನಿಂದ ಬಂದ ಹುಡುಗನನ್ನು ಉಳಿದವರು ಊಟಕ್ಕೆ ಕರೆಯದಿರುವುದು, ನಾಳೆ ಎಷ್ಟು ಮಂದಿ ಬರುತ್ತಾರೆಂದು ಅವನಿಗೆ ಮಾತ್ರ ತಿಳಿಸದಿರುವುದು ಸಣ್ಣ ಸಂಗತಿಯಲ್ಲ. 2003ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಂಪ್ಯೂಟರಿನ ಚೆಂಡಾಟದಿಂದ ಹೊರಗಿಟ್ಟವರ ಮಿದುಳಿನಲ್ಲಿ, ಮೈನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗವೇ ಚುರುಕಾಗಿತ್ತು.

ಹೀಗೆ ನೊಂದವನು ಎಷ್ಟೋ ವೇಳೆ ಜಗಳವಾಡುವುದಿಲ್ಲ, ಹೇಳಿದಷ್ಟೇ ಮಾಡುತ್ತಾನೆ. ಬಚ್ಚಲಮನೆಯ ನಲ್ಲಿ ಸೋರುವುದನ್ನು ಕಂಡರೂ ಸುಮ್ಮನಿರುತ್ತಾನೆ. ಅತಿಥಿಯ ಮುಂದೆ ಮುಖ ಅರಳುವುದಿಲ್ಲ. ಊರಿಗೆ ಹೋದವನು ಮರಳುವುದಿಲ್ಲ. ನಾವು ಇದನ್ನು ಸೋಮಾರಿತನವೆಂದು ಬಿಡುತ್ತೇವೆ.

ಇದರ ಮದ್ದಿಗೆ ಖರ್ಚಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಎಲ್ಲರನ್ನೂ ಕೂಡಿಸಿ ದಿನದ ಕೆಲಸ ಹೇಳೋಣ. ಹೆಸರು ಹಿಡಿದು ಕರೆಯೋಣ. ಅತಿಥಿಗಳು ಕೊಟ್ಟ ಭಕ್ಷೀಸು ಹಂಚುವಾಗ ಯಾರನ್ನೂ ಬಿಡದಿರೋಣ. ಹೂಮಳೆಯಿಲ್ಲದೆ ಫಸಲು ಬಾರದೆಂಬುದನ್ನು ಬೆಳೆಗಾರರಿಗೆ ಬೇರೆ ಹೇಳಬೇಕೇ?